ಹಲ್ಲು ಕಟ್ಟುವವಳು

ಮನೆಯಲ್ಲಿ ಎಲ್ಲರೂ ಅವಳನ್ನು ಇರುವೆ ಎಂದೇ ಕರೆಯುತ್ತಿದ್ದರು. ಮೂರು ವರ್ಷದವಳಿದ್ದಾಗ ಅಡುಗೆಮನೆಯ ನೆಲದ ಮೇಲೆ ಚೆಲ್ಲಿದ್ದ ಸಕ್ಕರೆಯನ್ನು ಒಂದೊಂದೇ ಹರಳಾಗಿ ಆರಿಸಿ ಗೋಡೆಯುದ್ದಕ್ಕೂ ಸಾಲಾಗಿ ಇಟ್ಟಿದ್ದಳಂತೆ. ಅಂದು ಅಂಟಿದ ಹೆಸರು ಹಾಗೇ ಉಳಿಯಿತು. ಓದಿನಲ್ಲಿ ಅವಳು ದಡ್ಡಿಯೇನಲ್ಲ. ಆದರೆ ಪರೀಕ್ಷೆಯಲ್ಲಿ ಗೊತ್ತಿದ್ದ ಉತ್ತರವನ್ನೇ ದುಂಡಗೆ, ನಿಧಾನಕ್ಕೆ ಬರೆಯುತ್ತ ಕೂತಿರುತ್ತಿದ್ದಳು. ಕೊನೆಯ ಎರಡು ಪ್ರಶ್ನೆಗೆ ಕೈ ಹಾಕುವಷ್ಟರಲ್ಲಿ ಗಂಟೆ ಹೊಡೆದಿರುತ್ತಿತ್ತು.

ಅಮ್ಮ ಶಾಲೆಯಲ್ಲಿ ಗಣಿತ ಕಲಿಸುವವಳು. ಮಗಳು ಹಲ್ಲಿನ ಡಾಕ್ಟರಾಗಬೇಕು ಎಂಬುದು ಅವಳು ಹಾಕಿಟ್ಟಿದ್ದ ಲೆಕ್ಕ. ಮೊದಲ ಸಲ ಅಂಕ ಸಾಲಲಿಲ್ಲ. ಒಂದು ವರ್ಷ ಮನೆಯಲ್ಲೇ ಕೂರಿಸಿ, ಬೆಳಗ್ಗೆ ಐದಕ್ಕೆ ಎಬ್ಬಿಸಿ ಓದಿಸಿದಳು. ಎರಡನೇ ಸಲ ಕೂದಲೆಳೆಯಲ್ಲಿ ತಪ್ಪಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಅಮ್ಮ ಕೊರಗಿದಳು. ಇರುವೆಗೆ ಕೊರಗಲು ಬಿಡುವೇ ಇರಲಿಲ್ಲ. ಮೂರನೇ ಸಲಕ್ಕೆಂದು ಹೊಸ ಪುಸ್ತಕಗಳು ಆಗಲೇ ಮೇಜಿನ ಮೇಲೆ ಬಂದು ಕೂತಿದ್ದವು.

ಆ ವಾರವೇ ಸೋದರಮಾವ ಮನೆಗೆ ಬಂದ. ಅಮ್ಮನ ಅಣ್ಣ, ಮೂವತ್ತು ವರ್ಷ ಲಾರಿ ಓಡಿಸಿ ನಿವೃತ್ತನಾದವನು. ಬಾಗಿಲಲ್ಲೇ ನಿಂತು ಸುಮ್ಮನೆ ನಕ್ಕ.

"ಏನಣ್ಣ, ಮುಖ ಬೇರೆ ಥರ ಕಾಣ್ತಿದೆಯಲ್ಲ?" ಎಂದಳು ಅಮ್ಮ.

"ಮುಖ ಹಳೇದೇ. ಒಳಗಡೆ ಮಾಲು ಹೊಸದು."

ಹಲ್ಲು ಕಟ್ಟಿಸಿಕೊಂಡು ಬಂದಿದ್ದ. ಕೆಳಗಿನ ಸೆಟ್ಟು ಒಂದು ಕಡೆ ಒತ್ತುತ್ತಿತ್ತೆಂದು ಡಾಕ್ಟರು ಚೀಟಿ ಕೊಟ್ಟು ಅದನ್ನು ಮಾಡಿದ ಲ್ಯಾಬಿಗೇ ಅವನನ್ನು ಕಳಿಸಿದ್ದರಂತೆ. ಕುರ್ಚಿ ಎಳೆದು ಕೂತವನು ಅದನ್ನೇ ಹೇಳಲು ಶುರುಮಾಡಿದ.

"ಕೀಳೋರು ಒಬ್ಬರು, ಕಟ್ಟೋರು ಇನ್ನೊಬ್ಬರು ಅಂತ ನನಗೆ ಈಗಲೇ ಗೊತ್ತಾಗಿದ್ದು ನೋಡು. ಟೈಲರ್ ಅಂಗಡೀಲಿ ಅಳತೆ ತಗೊಳ್ಳೋನು ಮುಂದೆ ಇರ್ತಾನೆ, ಹೊಲಿಯೋರು ಒಳಗಡೆ ಇರ್ತಾರಲ್ಲ, ಹಾಗೆ. ಒಳ್ಳೇ ಸಂಬಳವಂತೆ ಕಣೇ. ಕೈ ಸರಿಯಾಗಿರೋರೇ ಸಿಗಲ್ಲ ಅಂತ ಅಲ್ಲಿನ ಮೇಸ್ತ್ರಿ ತಲೆ ಚಚ್ಕೋತಿದ್ರು."

"ಅದೆಲ್ಲ ಕೈಕೆಲಸ, ಅಣ್ಣ."

"ಕೈಕೆಲಸ ಅಂದ್ರೆ ಏನು, ಬೈಗುಳಾನಾ? ನಾನೇನು ಲಾರೀನ ಬಾಯಲ್ಲಿ ಓಡಿಸ್ತಿದ್ನಾ?"

ಹಾಗೆಂದವನು ಕೆಳಗಿನ ಸೆಟ್ಟನ್ನು ತೆಗೆದು, ಕರವಸ್ತ್ರದಲ್ಲಿ ಒರೆಸಿ ಮೇಜಿನ ಮೇಲಿಟ್ಟ. ಇರುವೆಯ ಅಣ್ಣ, ಆಗಿನ್ನೂ ಕಾಲೇಜಿನ ಕೊನೆಯ ವರ್ಷದಲ್ಲಿದ್ದವನು, ಛೀ ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದ. ಇರುವೆ ಮಾತ್ರ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಮಾವ, ಇದೊಂದು ಹಲ್ಲು ಸ್ವಲ್ಪ ಓರೆ ಇದೆ. ಬೇಕು ಅಂತಲೇ ಹಾಗೆ ಮಾಡಿದ್ದಾರಾ?"

"ಹೂಂ ಮತ್ತೆ. ನನ್ನ ಸ್ವಂತ ಹಲ್ಲೂ ಹಾಗೇ ಇತ್ತು. ಮದುವೆ ಫೋಟೋ ಇಸ್ಕೊಂಡು ನೋಡಿ ಮಾಡಿದ್ರು."

ಸೆಟ್ಟು ಇನ್ನೂ ಚೂರು ಒತ್ತುತ್ತಿತ್ತೆಂದು ಮರುದಿನ ಮಾವ ಮತ್ತೆ ಲ್ಯಾಬಿಗೆ ಹೊರಟಾಗ ಅವಳೂ ಜೊತೆಗೆ ಹೋದಳು. ಮುದ್ರಣಾಲಯವೊಂದರ ಮಹಡಿಯ ಮೇಲಿನ ಉದ್ದನೆಯ ಕೋಣೆ. ಉತ್ತರದ ಗೋಡೆಗೆ ಆರು ಕಿಟಕಿ, ಒಂದೊಂದು ಕಿಟಕಿಗೂ ಎರಡೆರಡು ಮೇಜು, ಒಂದೊಂದು ಮೇಜಿಗೂ ಬಗ್ಗಿಸಿದ ಕತ್ತಿನ ದೀಪ. ಕಾದ ಮೇಣದ ವಾಸನೆ, ಪ್ಲಾಸ್ಟರಿನ ಬಿಳಿ ಧೂಳು, ಸಣ್ಣ ಮೋಟಾರುಗಳ ಗುಂಯ್‌ಗುಡುವಿಕೆ. ಹನ್ನೆರಡು ಜನ ಬೆನ್ನು ಬಾಗಿಸಿ ಕೂತಿದ್ದರು, ಯಾರೂ ತಲೆ ಎತ್ತಲಿಲ್ಲ. ಎಲ್ಲರ ಮುಂದೆಯೂ ಯಾರದೋ ದವಡೆ ಬಾಯಿ ತೆರೆದುಕೊಂಡು ಕೂತಿತ್ತು.

ಮೇಸ್ತ್ರಿ ಎಂದರೆ ಐವತ್ತು ದಾಟಿದ ಸಣಕಲು ಮನುಷ್ಯ, ಹಣೆಯ ಮೇಲೆ ಭೂತಗನ್ನಡಿ ಏರಿಸಿಕೊಂಡವರು. ಮಾವನ ಸೆಟ್ಟಿನ ಅಂಚು ಉಜ್ಜುತ್ತಲೇ ಅವಳನ್ನು ಮಾತಾಡಿಸಿದರು.

"ಏನು ನೋಡ್ತಿದ್ದೀಯಮ್ಮ?"

"ಆ ಮೇಜಿನವರು ಹಲ್ಲನ್ನ ಯಾಕೆ ಅಷ್ಟು ದೊಡ್ಡದಾಗಿ ಕಟ್ಟಿದ್ದಾರೆ?"

ಮೇಸ್ತ್ರಿ ಮೊದಲ ಸಲ ಅವಳನ್ನು ಸರಿಯಾಗಿ ನೋಡಿದರು. ಪಿಂಗಾಣಿ ಪುಡಿಯನ್ನು ನೀರಲ್ಲಿ ಕಲಸಿ ಬ್ರಷ್ಷಿನಲ್ಲಿ ಕಟ್ಟುತ್ತಾರೆ, ಕುಲುಮೆಗೆ ಹೋದರೆ ಐದರಲ್ಲಿ ಒಂದು ಪಾಲು ಕುಗ್ಗುತ್ತದೆ, ಕುಲುಮೆ ತಿನ್ನುವುದನ್ನು ಮೊದಲೇ ಲೆಕ್ಕ ಹಿಡಿದು ದೊಡ್ಡದಾಗಿ ಕಟ್ಟಬೇಕು ಎಂದು ವಿವರಿಸಿದರು. ಆಮೇಲೆ, ಎರಡು ವರ್ಷದ ತರಬೇತಿ ಇದೆ, ಮೂರನೇ ವರ್ಷ ತಮ್ಮಂಥವರ ಮೇಜಿನಲ್ಲಿ ಕೂತು ಕಲಿಯಬೇಕು ಎಂದು ಒಂದು ವಿಳಾಸ ಬರೆದುಕೊಟ್ಟರು.

ಆ ಚೀಟಿ ಮನೆಯಲ್ಲಿ ಮೂರು ದಿನ ಮಾತು ನಿಲ್ಲಿಸಿತು. ನಾಲ್ಕನೇ ದಿನ ಅಪ್ಪ ಬಾಯಿ ಬಿಟ್ಟ. ಅವನು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವನು, ಮನೆಯಲ್ಲಿ ಮಾತನ್ನೂ ವಿಂಗಡಿಸಿಯೇ ಆಡುತ್ತಿದ್ದ. "ಹೋಗಿ ನೋಡಲಿ ಬಿಡೇ. ವಿಳಾಸ ತಪ್ಪಿದ್ರೆ ಕಾಗದಾನೇ ವಾಪಸ್ ಬರುತ್ತೆ. ಇವಳು ಬರಲ್ವಾ?" ಅಮ್ಮ ಮೇಜಿನ ಮೇಲಿದ್ದ ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೇರಿಸಿದಳು. ಅದನ್ನೇ ಒಪ್ಪಿಗೆ ಎಂದುಕೊಂಡು ಇರುವೆ ಹೊರಟಳು.

ತರಬೇತಿ ಕೇಂದ್ರದಲ್ಲಿ ಮೊದಲ ಮೂರು ತಿಂಗಳು ಮೇಣದಲ್ಲಿ ಹಲ್ಲು ಕೆತ್ತುವುದೇ ಕೆಲಸ. ಒಂದೊಂದು ಹಲ್ಲಿಗೂ ಒಂದೊಂದು ಹೆಸರು, ಒಂದೊಂದು ಗುಣ. ಎಡಗಡೆಯದನ್ನು ಬಲಗಡೆಗೆ ಇಡುವ ಹಾಗಿಲ್ಲ. ಅಲ್ಲಿ ಕೊಡುತ್ತಿದ್ದ ಮೇಣ ಸಾಲದೆ ಇರುವೆ ಮನೆಯ ಸೋಪಿಗೆ ಕೈ ಹಾಕಿದಳು. ಬಚ್ಚಲಿನಲ್ಲಿ, ಪಾತ್ರೆ ತೊಳೆಯುವಲ್ಲಿ, ಎಲ್ಲಿ ನೋಡಿದರೂ ದವಡೆ ಹಲ್ಲುಗಳು. "ಈ ಮನೇಲಿ ಮುಖ ತೊಳೆಯೋಕೆ ಹೋದ್ರೆ ಸೋಪೇ ಕಚ್ಚುತ್ತಲ್ಲಮ್ಮ" ಎಂದು ಅಣ್ಣ ಕೂಗಾಡಿದ. ಅಪ್ಪ ಒಂದು ಕೋರೆಹಲ್ಲನ್ನು ಕರಗದಂತೆ ಒಣ ಜಾಗದಲ್ಲಿ ಎತ್ತಿಟ್ಟ. ಅಮ್ಮ ಬಟ್ಟೆ ಸೋಪನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ನೆಂಟರಿಗೆ ಅಮ್ಮ ಸುಳ್ಳು ಹೇಳಲಿಲ್ಲ, ಪೂರ್ತಿ ನಿಜವನ್ನೂ ಹೇಳಲಿಲ್ಲ. "ಮಗಳು ಹಲ್ಲಿನ ಲೈನಿನಲ್ಲಿ ಓದ್ತಿದ್ದಾಳೆ" ಎನ್ನುತ್ತಿದ್ದಳು. ಕೇಳಿದವರು ತಮಗೆ ಬೇಕಾದ್ದನ್ನು ತುಂಬಿಕೊಂಡರು. ಒಂದು ಮದುವೆ ಮನೆಯಲ್ಲಿ ಅದು ಬಯಲಾಯಿತು. ಅಪ್ಪನ ದೊಡ್ಡಕ್ಕ ಊಟದ ಸಾಲಿನ ನಡುವೆಯೇ ಇರುವೆಯನ್ನು ಹಿಡಿದು ನಿಲ್ಲಿಸಿ, ದೀಪದ ಕಡೆ ಮುಖ ಮಾಡಿ, ಬಾಯಿ ಆಂ ಎಂದು ತೆರೆದಳು.

"ನೋಡೇ ಡಾಕ್ಟರಮ್ಮ, ಹಿಂದಿನದು ರಾತ್ರಿಯೆಲ್ಲ ನಿದ್ದೆ ಕೊಡಲ್ಲ."

"ಅತ್ತೆ, ನಾನು ಹಲ್ಲು ನೋಡೋಳಲ್ಲ, ಹಲ್ಲು ಮಾಡೋಳು."

ಅತ್ತೆಯ ಬಾಯಿ ತೆರೆದಿದ್ದು ತೆರೆದ ಹಾಗೇ ಇತ್ತು. ಪಕ್ಕದಲ್ಲಿ ಯಾರೋ ಕಿಸಕ್ಕೆಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿಯ ಹೊರಗೇ ನೋಡುತ್ತ ಕೂತಳು. ಮನೆ ಬಂದ ಮೇಲೆ ಇಷ್ಟೇ ಅಂದಳು: "ಸ್ವಲ್ಪ ಬೇರೆ ಥರ ಹೇಳಬಹುದಿತ್ತು."  

ಮೂರನೇ ವರ್ಷ ಅವಳು ಮೇಸ್ತ್ರಿಯ ಮೇಜಿಗೆ ಬಂದಳು. ಆರು ತಿಂಗಳು, ಡಾಕ್ಟರುಗಳು ತೆಗೆದು ಕಳಿಸಿದ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿಯುವುದು ಬಿಟ್ಟು ಬೇರೆ ಕೆಲಸ ಕೊಡಲಿಲ್ಲ. ಒಂದು ಗುಳ್ಳೆ ಕಂಡರೂ ಅಚ್ಚನ್ನು ಬುಟ್ಟಿಗೆ ಎಸೆಯುತ್ತಿದ್ದರು. ಜೊತೆಗೆ ಸೇರಿದ್ದ ಮೂವರಲ್ಲಿ ಇಬ್ಬರು ಬಿಟ್ಟುಹೋದರು. ಇವಳು ಹಲ್ಲು ಕಚ್ಚಿ ಕೂತಳು. ಪಿಂಗಾಣಿಯ ಬ್ರಷ್ಷು ಕೈಗೆ ಬಂದ ದಿನ ಮೇಸ್ತ್ರಿ ಒಂದು ಪಟ್ಟಿ ತೋರಿಸಿದರು. ಅದರಲ್ಲಿ ಹದಿನಾರು ಹಲ್ಲು, ಹದಿನಾರು ಬಣ್ಣ.

"ಇದರಲ್ಲಿ ಬಿಳಿ ಯಾವುದು ಹೇಳು."

ಅವಳು ನೋಡಿ ನೋಡಿ, "ಯಾವುದೂ ಅಲ್ಲ ಸರ್" ಎಂದಳು.

"ಹಾಂ. ಬಿಳಿ ಅಂತ ಕಟ್ಟಿದ್ರೆ ಅದು ಬಚ್ಚಲಮನೆ ಟೈಲ್ಸ್ ಆಗುತ್ತೆ. ಬುಡದಲ್ಲಿ ಹಳದಿ, ನಡುವೆ ಹಾಲು, ತುದೀಲಿ ನೀರು. ಒಂದು ಹಲ್ಲೊಳಗೆ ಮೂರು ಹಲ್ಲಿರುತ್ತೆ."

ಅವಳ ನಿಧಾನ ಅಲ್ಲಿ ದೋಷವಾಗಲಿಲ್ಲ. ಹಿಂದಿನ ಹಲ್ಲನ್ನು ಯಾರು ಬೇಕಾದರೂ ಮಾಡುತ್ತಾರೆ, ಬಾಯೊಳಗೆ ಕತ್ತಲು. ಮುಂದಿನ ಹಲ್ಲಿನ ಕೆಲಸ ಹಾಗಲ್ಲ; ಪಕ್ಕದ ಹಲ್ಲೇ ಸಾಕ್ಷಿಯಾಗಿ ನಿಂತಿರುತ್ತದೆ. ನಾಲ್ಕನೇ ವರ್ಷದ ಹೊತ್ತಿಗೆ ಮುಂದಿನ ಹಲ್ಲುಗಳೆಲ್ಲ ಅವಳ ಮೇಜಿಗೇ ಬರತೊಡಗಿದವು. ಇನ್ನೆರಡು ಲ್ಯಾಬಿನವರು ಹೆಚ್ಚಿನ ಸಂಬಳ ಹೇಳಿ ಕರೆದರು. ಮೇಸ್ತ್ರಿ ಅಷ್ಟನ್ನು ತಾವೇ ಕೊಟ್ಟು ಉಳಿಸಿಕೊಂಡರು. ಪದವಿ ಮುಗಿಸಿ ಮೂರನೇ ಆಫೀಸು ಬದಲಿಸಿದ್ದ ಅಣ್ಣ ಒಂದು ಸಂಜೆ ಊಟಕ್ಕೆ ಕೂತಾಗ ಸುಮ್ಮನೆ ಕೇಳಿದ, "ನಿನಗೆಷ್ಟು ಬರುತ್ತೆ ಈಗ?" ಅವಳು ಹೇಳಿದಳು. ಅವನು ನೀರು ಕುಡಿದು, ಇನ್ನೊಮ್ಮೆ ಕೇಳಿದ. ಅವಳು ಇನ್ನೊಮ್ಮೆ ಹೇಳಿದಳು.

"ನನ್ನದರ ಹತ್ತಿರ ಹತ್ತಿರ ಎರಡರಷ್ಟು. ಮೂರು ವರ್ಷ ಕಾಲೇಜಿಗೆ ಹೋಗಿ ನಾನು ಗಟ್ಟಿಯಾಗಿ ಕಲಿತಿದ್ದು ಕ್ಯಾಂಟೀನಿನ ದಾರಿ" ಎಂದು ನಕ್ಕ. ಅವನು ಹೊಟ್ಟೆಕಿಚ್ಚಿನವನಲ್ಲ.

ಅಮ್ಮ ನಗಲಿಲ್ಲ. "ಸಂಬಳ ಸರಿ. ಜನ ಕೇಳಿದ್ರೆ ಏನಂತ ಹೇಳೋದು?"

ಹೀಗೇ ಇನ್ನೂ ಮೂರು ವರ್ಷ ಕಳೆಯಿತು. ಇರುವೆ ದುಡಿದದ್ದರಲ್ಲಿ ಮನೆಗೆ ಮೇಲೊಂದು ಕೋಣೆ ಬಂತು, ಅಪ್ಪನ ಕಣ್ಣಿನ ಆಪರೇಷನ್ ಆಯಿತು. ಆದರೂ ಅಮ್ಮ ಒಂದು ದಿನವೂ ಲ್ಯಾಬಿನ ಮೆಟ್ಟಿಲು ಹತ್ತಲಿಲ್ಲ.

ಆಮೇಲೆ ಒಂದು ದಿನ ಅಮ್ಮ ಶಾಲೆಯ ಮೆಟ್ಟಿಲಿನಲ್ಲಿ ಮುಗ್ಗರಿಸಿ ಬಿದ್ದಳು. ಮೇಲಿನ ಸಾಲಿನ ನಡುವಿನ ಹಲ್ಲೊಂದು ಅರ್ಧಕ್ಕೆ ಮುರಿಯಿತು. ಜೊತೆಯ ಟೀಚರೊಬ್ಬರು ತಮಗೆ ಗೊತ್ತಿದ್ದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಸಂಜೆ ಇರುವೆ ಬಂದಾಗ ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡುತ್ತಿದ್ದಳು.

"ಎಲ್ಲಿ, ನೋಡ್ಲಾ?"

"ಏನಿಲ್ಲ, ಚೂರು ಚಕ್ಕೆ ಹೋಗಿದೆ. ಡಾಕ್ಟರು ನೋಡಿಕೊಳ್ತಾರೆ. ನೀನು ಊಟ ಮಾಡು."

ಇರುವೆ ಊಟ ಮಾಡಿದಳು. 

ಐದು ದಿನದ ಮೇಲೆ, ಡಾಕ್ಟರುಗಳು ಅಚ್ಚು ಹಾಕಿ ಲ್ಯಾಬಿಗೆ ಕಳಿಸುವ ಬೆಳಗಿನ ಡಬ್ಬಿಗಳ ಜೊತೆ ಒಂದು ಡಬ್ಬಿ ಬಂತು. ಚೀಟಿಯಲ್ಲಿ ನಂಬರು, ಹೆಣ್ಣು, ವಯಸ್ಸು ಐವತ್ತಾರು, ಮೇಲಿನ ಮುಂದಿನ ಒಂದು ಹಲ್ಲಿಗೆ ಕ್ಯಾಪ್, ಬಣ್ಣ ಪಟ್ಟಿಯಲ್ಲಿ ಎಲ್ಲಕ್ಕಿಂತ ತಿಳಿಯಾದದ್ದು. ಹೆಸರು ಬರೆಯುವ ಪದ್ಧತಿ ಇರಲಿಲ್ಲ. ಅವಳು ಪ್ಲಾಸ್ಟರ್ ಸುರಿದಳು, ಗಟ್ಟಿಯಾದ ಮೇಲೆ ಬಿಡಿಸಿದಳು, ಮೇಲಿನ ದವಡೆಯನ್ನು ಕೆಳಗಿನದಕ್ಕೆ ಕೂಡಿಸಿದಳು. ಕೈ ಅಲ್ಲಿಗೇ ನಿಂತಿತು. ಕೆಳಗಿನ ಸಾಲಿನಲ್ಲಿ ಒಂದು ಹಲ್ಲು, ಬಸ್ಸಿನಲ್ಲಿ ತೂಕಡಿಸುವವರ ಹಾಗೆ, ಪಕ್ಕದ್ದರ ಹೆಗಲಿಗೆ ಒರಗಿತ್ತು. ಮೇಲೆ, ಮುರಿದ ಹಲ್ಲಿನ ಪಕ್ಕದ್ದರ ತುದಿಯಲ್ಲಿ ಸಾಸಿವೆಯಷ್ಟು ಕಚ್ಚು. ಬೆಳಗ್ಗೆ ಬೆಳಗ್ಗೆ ಹೇರ್‌ಪಿನ್ನನ್ನು ಹಲ್ಲಿನಲ್ಲಿ ಅಗಲಿಸಿ ಮುಡಿಗೆ ಸಿಕ್ಕಿಸುವವರಿಗೆ ಮೂವತ್ತು ನಲವತ್ತು ವರ್ಷಕ್ಕೆ ಹಾಗಾಗುತ್ತದೆ. ಆ ಹಲ್ಲುಗಳು ಅವಳಿಗೆ ಮಗ್ಗಿ ಹೇಳಿಕೊಟ್ಟಿದ್ದವು, ಬೈದಿದ್ದವು.

"ಏನಾಯ್ತು? ಅಚ್ಚು ಕೆಟ್ಟಿದೆಯಾ?" ಎಂದರು ಮೇಸ್ತ್ರಿ.

"ಇಲ್ಲ ಸರ್. ಗುರುತಿನವರದು."

ಅವಳು ಡಾಕ್ಟರಿಗೆ ಫೋನ್ ಮಾಡಿದಳು. ಇವಳ ದನಿ ಅವರಿಗೆ ಪರಿಚಯವಿತ್ತು.

"ಸರ್, ಈ ಬಣ್ಣ ಪಕ್ಕದ ಹಲ್ಲಿಗೆ ಹೊಂದಲ್ಲ."

"ನನಗೂ ಗೊತ್ತು ಮೇಡಂ. ಅವರು ಕೇಳಲ್ಲ. ಹಾಕೋದೇ ಆದ್ರೆ ಬೆಳ್ಳಗಿರಲಿ ಅಂತಾರೆ. ಟೀಚರು, ನಾನು ವಾದ ಮಾಡೋಕಾಗುತ್ತಾ?"

"ಎರಡು ಕಳಿಸ್ತೀನಿ. ಎರಡನ್ನೂ ತೋರಿಸ್ತೀರಾ?"

"ಒಂದಕ್ಕೇ ದುಡ್ಡು ಕೊಡೋದು."

"ಒಂದಕ್ಕೇ ಕೊಡಿ."

ಚೀಟಿಯಲ್ಲಿದ್ದ ಹಲ್ಲು ಸುಲಭದ್ದು, ಅರ್ಧ ದಿನದಲ್ಲಿ ಮುಗಿಯಿತು. ಇನ್ನೊಂದಕ್ಕೆ ಪಕ್ಕದ ಹಲ್ಲನ್ನು ಹಗಲು ಬೆಳಕಿನಲ್ಲಿ, ಹತ್ತಿರದಿಂದ ನೋಡಲೇಬೇಕಿತ್ತು. ಅಮ್ಮನೋ ವಾರದಿಂದ ತುಟಿ ಪಿಟಕ್ ಎನ್ನುತ್ತಿಲ್ಲ, ಅಂದರೂ ಕೈ ಅಡ್ಡ. ಭಾನುವಾರ ಬೆಳಗ್ಗೆ ಇರುವೆ ಸ್ನಾನ ಮಾಡಿ ಬಂದವಳು ನೀರು ತೊಟ್ಟಿಕ್ಕುವ ಟವೆಲನ್ನು ಕಿಟಕಿಯ ಪಕ್ಕದ ಹಾಸಿಗೆಯ ಮೇಲೆ, ಆಗಷ್ಟೇ ಹಾಸಿದ್ದ ಬೆಡ್‌ಶೀಟಿನ ನಟ್ಟನಡುವೆ ಹಾಕಿ, ಅಲ್ಲೇ ನಿಂತಳು. ಅಮ್ಮ ಬಂದಳು. ನೋಡಿದಳು. ಎರಡೂ ಕೈ ಸೊಂಟಕ್ಕೆ ಹೋದವು. ಇಪ್ಪತ್ತೇಳು ವರ್ಷದ ಕತ್ತೆ ಎಂಬಲ್ಲಿಂದ ಶುರುವಾಗಿ ಹುಟ್ಟಿದಂದಿನಿಂದ ಹಾಕಿದ ಒದ್ದೆ ಟವೆಲುಗಳ ಲೆಕ್ಕವೆಲ್ಲ ಹೊರಬಂತು. ಪೂರ್ವದ ಬಿಸಿಲು ನೇರ ಬಾಯಿಗೇ ಬೀಳುತ್ತಿತ್ತು. ಇರುವೆ ರೆಪ್ಪೆ ಬಡಿಯದೆ ನೋಡಿದಳು. ಬುಡದಲ್ಲಿ ಜೇನಿನ ಬಣ್ಣ. ಎಡಕ್ಕೆ ಕೂದಲಿನಂಥ ಒಂದು ಬಿರುಕು. ತುದಿಯಲ್ಲಿ ಮಂಜು.

"ನಾನು ಬೈತಿದ್ರೆ ಹಾಗೇನೇ ನೋಡ್ತಿದ್ದೀಯ?"

"ಮುಗೀತಾ, ಅಮ್ಮ? ಇನ್ನೂ ಇದ್ರೆ ಬೈ" ಎಂದಳು ಇರುವೆ. ಇನ್ನೂ ಇತ್ತು. ಬಿರುಕು ಎಲ್ಲಿಂದ ಎಲ್ಲಿಯವರೆಗೆ ಎಂಬುದೂ ಸ್ಪಷ್ಟವಾಯಿತು.

ಆ ಹಲ್ಲಿಗೆ ನಾಲ್ಕು ದಿನ ಹಿಡಿಯಿತು. ಮೂರು ಸಲ ಕುಲುಮೆಯಿಂದ ತೆಗೆದು ಒಡೆದು ಹಾಕಿದಳು. ನಾಲ್ಕನೆಯದನ್ನು ಮೇಸ್ತ್ರಿ ಅಂಗೈಯಲ್ಲಿಟ್ಟು ಕಿಟಕಿಯ ಹತ್ತಿರ ಒಯ್ದರು, ಬುಟ್ಟಿಗೆ ಎಸೆಯದೆ ತಂದಿಟ್ಟರು. ಅವರ ಮಟ್ಟಿಗೆ ಅದೇ ದೊಡ್ಡ ಮಾತು. ಎರಡು ಹಲ್ಲಿಗೂ ಒಂದು, ಎರಡು ಎಂದು ನಂಬರು ಬರೆದು ಡಬ್ಬಿ ಕಳಿಸಿದಳು.

ಶನಿವಾರ ಸಂಜೆ ಅವಳು ಮನೆಗೆ ಬಂದಾಗ ಅಮ್ಮ ಅಡುಗೆಮನೆಯಲ್ಲಿ ಕಟ್ಟೆಗೆ ಒರಗಿ ನಿಂತಿದ್ದಳು. ಕೈ ಅಡ್ಡ ಇರಲಿಲ್ಲ.

"ಡಾಕ್ಟರು ಎರಡು ಹಲ್ಲು ತಂದಿಟ್ರು" ಎಂದಳು.

"ಹೂಂ."

"ಮೊದಲನೇದು ಹಾಕಿ ಕನ್ನಡಿ ಕೊಟ್ರು. ನಾನು ಕೇಳಿದ್ದೇ ಅದು. ಬಾಯೊಳಗೆ ಯಾರೋ ಲೈಟ್ ಹಾಕಿದ ಹಾಗಿತ್ತು. ಎರಡನೇದು ಹಾಕಿದ್ರು. ಕನ್ನಡೀಲಿ ಏನೂ ಕಾಣಿಸಲಿಲ್ಲ. ಅಂದ್ರೆ, ನಾನೇ ಕಾಣಿಸಿದೆ." ಒಲೆಯ ಉರಿ ತಗ್ಗಿಸಿದಳು. "ನಿಮ್ಮ ಕೈ ತುಂಬ ಚೆನ್ನಾಗಿದೆ ಅಂದೆ ಅವರಿಗೆ. ನಾನು ಬರೀ ಅಂಟಿಸಿದ್ದು ಅಂದ್ರು. ಮಾಡಿದವರು ಯಾರು ಅಂತ ಕೇಳ್ದೆ. ಲ್ಯಾಬಿನ ಹೆಸರು ಹೇಳಿದ್ರು."

ಇರುವೆ ಚೀಲ ಕೆಳಗಿಟ್ಟಳು.

"ಎರಡು ಯಾಕೆ ಕಳಿಸ್ದೆ?"

"ಒಂದು ನೀನು ಕೇಳಿದ್ದು. ಇನ್ನೊಂದು ನಿನ್ನದು."

ಅಮ್ಮ ತಲೆ ಆಡಿಸಿದಳು. ಏನೋ ನೆನಪಾದಂತೆ ಹುಬ್ಬು ಗಂಟಿಕ್ಕಿತು. "ಆವತ್ತು ಆ ಟವೆಲ್ಲು, ಬೇಕಂತಲೇ ಹಾಕಿದ್ದಾ?"

"ಹೂಂ. ನೀನು ಬಾಯೇ ಬಿಡ್ತಿರಲಿಲ್ಲವಲ್ಲ."

ಅಮ್ಮನಿಗೆ ನಗು ಬಂತು. ಅಭ್ಯಾಸಬಲದಿಂದ ಕೈ ಬಾಯಿಗೆ ಹೋಯಿತು, ಅರ್ಧದಲ್ಲೇ ಇಳಿಯಿತು. ಅಪ್ಪ ಹೊರಗಿನಿಂದ ಏನೇ ಅದು ಎಂದು ಕೇಳಿದ. ಏನಿಲ್ಲ ಎಂದಳು.

ಮುಂದಿನ ವಾರ ಅಮ್ಮ ಲ್ಯಾಬಿಗೆ ಬಂದಳು. ಹೇಳಿ ಬರಲಿಲ್ಲ. ಇರುವೆಯ ಬೆನ್ನ ಹಿಂದೆ ಹತ್ತು ನಿಮಿಷ ನಿಂತು ಬ್ರಷ್ಷಿನ ತುದಿಯನ್ನೇ ನೋಡಿದಳು. ಎಷ್ಟು ಕುಗ್ಗುತ್ತದೆ ಎಂದು ಕೇಳಿ ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದಳು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ, ಇಷ್ಟು ಧೂಳಿನಲ್ಲಿ ಒಂದೇ ಫ್ಯಾನು ಸಾಕೇ, ಈ ಹುಡುಗಿ ಮಾಸ್ಕ್ ಕತ್ತಿಗೆ ಇಳಿಸಿಕೊಂಡಿದ್ದಾಳಲ್ಲ ನೀವು ಗದರುವುದಿಲ್ಲವೇ ಎಂದು ಕೇಳಿದಳು. ಮೇಸ್ತ್ರಿ ಶಾಲೆಯ ಹುಡುಗನ ಹಾಗೆ ಎದ್ದು ನಿಂತರು. ತಿಂಗಳೊಳಗೆ ಧೂಳು ಎಳೆಯುವ ಕೊಳವೆಗಳು ಎಲ್ಲ ಮೇಜಿಗೂ ಬಂದವು.

ಅದಾಗಿ ಹನ್ನೆರಡು ವರ್ಷ. ಈಗ ಲ್ಯಾಬಿನಲ್ಲಿ ಯಂತ್ರಗಳು ಬಂದಿವೆ. ಬಾಯಿಯ ಚಿತ್ರ ಕಂಪ್ಯೂಟರಿಗೆ ಬರುತ್ತದೆ, ಹಿಂದಿನ ಹಲ್ಲುಗಳನ್ನು ಯಂತ್ರವೇ ಕೊರೆದು ಕೊಡುತ್ತದೆ. ಹನ್ನೆರಡು ಮೇಜು ಆರಾದವು. ಕೆಲವರು ಬೇರೆ ಕೆಲಸಕ್ಕೆ ಹೋದರು. ಇರುವೆ ಮೂವತ್ತೆರಡನೇ ವಯಸ್ಸಿಗೆ ಮತ್ತೆ ತರಬೇತಿ ಕೇಂದ್ರಕ್ಕೆ ಹೋಗಿ, ತನಗಿಂತ ಹತ್ತು ವರ್ಷ ಚಿಕ್ಕವರ ನಡುವೆ ಕೂತು ಅದನ್ನೂ ಕಲಿತು ಬಂದಳು. ಮುಂದಿನ ಹಲ್ಲಿಗೆ ಈಗಲೂ ಬ್ರಷ್ಷೇ ಬೇಕು. ಮೇಸ್ತ್ರಿ ನಿವೃತ್ತರಾಗುವಾಗ ಲ್ಯಾಬಿನ ಅರ್ಧ ಪಾಲನ್ನು ಅವಳೇ ಕೊಂಡಳು.

ಮದುವೆಯಾದದ್ದು ಹಲ್ಲಿನ ಆಸ್ಪತ್ರೆಗಳ ಕುರ್ಚಿ ರಿಪೇರಿ ಮಾಡುವವನನ್ನು. ಹುಡುಗ ಮನೆಗೆ ಬಂದ ದಿನ ಅಮ್ಮ ಅವನು ಏನು ಓದಿದ್ದಾನೆಂದು ಕೇಳಲಿಲ್ಲ. ಕೆಟ್ಟು ಕೂತಿದ್ದ ಮಿಕ್ಸಿಯನ್ನು ತಂದು ಮುಂದಿಟ್ಟು, ನೋಡಪ್ಪ ಎಂದಳು. ಅವನು ಕಾಲು ಗಂಟೆಯಲ್ಲಿ ಸರಿ ಮಾಡಿ, ಕೈ ಒರೆಸಿಕೊಂಡು ಕೂತ.

ಕತ್ತು ನೋವು ಇರುವೆಗೆ ಕಾಯಂ ಆಗಿದೆ, ಕಣ್ಣಿಗೆ ಕನ್ನಡಕ ಬಂದಿದೆ. ಬೆಳಗ್ಗೆ ಒಂಬತ್ತಕ್ಕೆ ಕಿಟಕಿಯ ಪರದೆ ಸರಿಸಿ ಕೂರುತ್ತಾಳೆ, ಹಗಲ ಬೆಳಕು ಮಸುಕಾಗುವ ಹೊತ್ತಿಗೆ ಎದ್ದುಬಿಡುತ್ತಾಳೆ. ದೀಪದ ಬೆಳಕಿನಲ್ಲಿ ಬಣ್ಣ ನಂಬುವಂತಿಲ್ಲ. ಮೊನ್ನೆ ಒಂದು ಡಬ್ಬಿ ಬಂತು, ಬಾಟಲಿಯ ಮುಚ್ಚಳವನ್ನು ಹಲ್ಲಿನಲ್ಲಿ ತೆಗೆಯಲು ಹೋದ ಯಾರದೋ. ಚೀಟಿಯಲ್ಲಿ ಡಾಕ್ಟರು ಅರ್ಜೆಂಟ್ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಅವಳು ಅದನ್ನು ಓದಿ, ಬದಿಗಿಟ್ಟು, ಎಂದಿನ ನಿಧಾನದಲ್ಲೇ ಪ್ಲಾಸ್ಟರ್ ಕಲಸಲು ನೀರು ತಂದಳು.